ಎಂಟನೆಯ ಲಾಳ

"ನಾನು ನನ್ನ ಕಾರಲ್ಲೇ ಬರ್ತೀನಿ. ನಿನ್ನ ಹಿಂದೆ."

ಲವಾನ್ ಇಷ್ಟೇ ಹೇಳಿದ್ದು, ಬೆಳಿಗ್ಗೆ ಏಳಕ್ಕೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಇವತ್ತು ಗಾಳಿ ಜಾಸ್ತಿ ಎಂದು ಹೇಳುವವಳ ದನಿಯಲ್ಲಿ. ಈಗ ಹತ್ತೂವರೆ ಆಗಿತ್ತು. ಆರ್ವಿಡ್ ಮನೆ ಮುಂದಿನ ಕಾಂಕ್ರೀಟಿನ ಮೇಲೆ, ಪಿಕಪ್ಪಿನ ಹೊಟ್ಟೆಯಡಿ ಅಂಗಾತ ಬಿದ್ದುಕೊಂಡಿದ್ದ. ಬೆನ್ನಿಗೆ ಹಾಸಿಕೊಂಡ ರಟ್ಟನ್ನು ತೂರಿ ಸೆಪ್ಟೆಂಬರಿನ ಥಂಡಿ ಮೇಲೇರುತ್ತಿತ್ತು, ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತಿತ್ತು, ಆ ಮಾತು ಮಾತ್ರ ಕದಲದೆ ಕಿವಿಯಲ್ಲಿ ಕೂತಿತ್ತು. ನಾರ್ತ್ ಡಕೋಟಾದ ಈ ಊರಿನಿಂದ ಅರಿಝೋನಾದ ಬಿಸಿಲಿಗೆ ಸಾವಿರದ ಐನೂರು ಮೈಲಿ. ಮೊದಲ ಹಿಮ ಬೀಳುವುದರೊಳಗೆ ಹೊರಟರೆ ಈಸ್ಟರ್ ಹೊತ್ತಿಗೆ ವಾಪಸು. ಆರು ಚಳಿಗಾಲ ಇಬ್ಬರೂ ಅಕ್ಕಪಕ್ಕ ಕೂತು ಆ ದಾರಿ ಸವೆಸಿದ್ದರು, ಅವಳ ತೊಡೆಯ ಮೇಲೆ ನೇರಳೆ ಹೂವಿನ ಕುಂಡ, ಹಿಂದೆ ಮೂವತ್ತು ಅಡಿಯ ಮನೆಗಾಡಿ. ಹೋದ ಚಳಿಗಾಲ ಮಾತ್ರ ಮನೆಯಲ್ಲೇ ಕೂತು ಹಿಮ ಗೋರಿದ್ದರು. ಯಾಕೆ ಕಾರು ಎಂದು ಅವನು ಕೇಳಬೇಕಾಗಿತ್ತು. ಕೇಳಿದರೆ ಅವಳು ಹೇಳಿಯೇಬಿಡುತ್ತಾಳೆ ಎಂಬ ಭಯಕ್ಕೆ, "ಅಲ್ಲಿ ಅಂಗಡಿಗೆ ಓಡಾಡೋಕೆ ಒಂದು ಕಾರಿದ್ರೆ ಒಳ್ಳೇದೇ ಬಿಡು" ಎಂದು ಅವನೇ ಅವಳ ಪರವಾಗಿ ಉತ್ತರ ಕೊಟ್ಟುಕೊಂಡ. "ಹ್ಞೂಂ, ಅದೂ ಆಯ್ತು" ಎಂದು ಅವಳು ತಟ್ಟೆ ತೊಳೆಯಲು ಎದ್ದಳು.

ಈಗ ಅವಳು ಅವನ ಮುಖದ ಮೇಲೇ ಇದ್ದಳು, ನಡುವೆ ಒಂದು ತಗಡು ಮಾತ್ರ. ಪಿಕಪ್ಪಿನ ತೊಟ್ಟಿಯಲ್ಲಿ ಮೊಣಕಾಲೂರಿ ಬೋಲ್ಟಿನ ತಲೆಗೆ ಸ್ಪ್ಯಾನರ್ ಕೊಟ್ಟು ಹಿಡಿದಿದ್ದಳು. ಅವಳು ಭಾರ ಬದಲಾಯಿಸಿದಾಗಲೆಲ್ಲ ತಗಡು ಡುಬ್ ಎನ್ನುತ್ತಿತ್ತು. ಈ ಕೆಲಸ ಒಬ್ಬನಿಂದ ಆಗುವುದಲ್ಲ. ಮನೆಗಾಡಿಯ ಮೂತಿ ಪಿಕಪ್ಪಿನ ತೊಟ್ಟಿಯೊಳಗೇ ಬಂದು ಕೂರುತ್ತದೆ. ಆ ಮೂತಿಯ ಕೆಳಗೆ ನೇತಾಡುವ ಮೊಣಕೈ ದಪ್ಪದ ಉಕ್ಕಿನ ಗೂಟವನ್ನು ಕಚ್ಚಿ ಹಿಡಿಯುವುದಕ್ಕೆ ತೊಟ್ಟಿಯ ನಡುವೆ ಒಂದು ದವಡೆ ಬೇಕು, ಅದೇ ಹಿಚ್ಚು. ಅದರ ಎರಡು ಉದ್ದನೆಯ ಪಟ್ಟಿಗಳನ್ನು ತೊಟ್ಟಿಗೆ ತೂತು ಕೊರೆದು ಕೆಳಗಿನ ಚಾಸಿಗೆ ಎಂಟು ಬೋಲ್ಟುಗಳಿಂದ ಬಿಗಿಯಬೇಕು. ಮೇಲೆ ಒಬ್ಬರು, ಕೆಳಗೆ ಒಬ್ಬರು. ಪಟ್ಟಣದ ಅಂಗಡಿಯವನು ತಾನೇ ಕೂರಿಸಿ ಕೊಡುತ್ತೇನೆ ಎಂದಿದ್ದ, ಒಂದು ಮಧ್ಯಾಹ್ನದ ಕೆಲಸ ಎಂದಿದ್ದ. "ಬೇಡ, ನಂಗೆ ಬರುತ್ತೆ" ಎಂದು ಆರ್ವಿಡ್ ಡಬ್ಬ ಹೊತ್ತು ತಂದ. ನಲವತ್ತು ವರ್ಷ ಧಾನ್ಯದ ಉಗ್ರಾಣದಲ್ಲಿ ಯಂತ್ರ ಬಿಚ್ಚಿ ಕೂಡಿಸಿದವನು ಒಂದು ಹಿಚ್ಚನ್ನು ಪರರ ಕೈಯಲ್ಲಿ ಹಾಕಿಸಿಕೊಂಡರೆ ಊರು ಏನನ್ನೀತು. ಊರು ಏನೂ ಅನ್ನುವುದಿಲ್ಲ, ಅದೇ ತೊಂದರೆ. ಈ ಊರಲ್ಲಿ ಯಾರೂ ಯಾರಿಗೂ ಏನನ್ನೂ ಮುಖಕ್ಕೆ ಹೇಳುವವರಲ್ಲ. ತಮಾಷೆ ಮಾಡುತ್ತಾರೆ, ಹವೆಯ ಮಾತಾಡುತ್ತಾರೆ, ಮನೆಗೆ ಹೋಗುತ್ತಾರೆ.

"ಹಿಡ್ಕೊಂಡಿದೀಯಾ?" ಎಂದ.

"ಹಿಡ್ಕೊಂಡಿದೀನಿ."

"ಪಟ್ಟಿ ನೇರಕ್ಕಿದೆಯಾ?"

ತಗಡು ಡುಬ್ ಎಂದಿತು. "ಗೆರೆಯಿಂದ ಆ ಕಡೆ ಹನ್ನೊಂದೂವರೆ ಇಂಚು, ಈ ಕಡೆ ಹನ್ನೊಂದೂವರೆ."

"ಅಂದ್ರೆ ನೇರಕ್ಕಿದೆ."

"ಹನ್ನೊಂದೂವರೆ ಇದೆ" ಎಂದಳು ಲವಾನ್.

ಒಂದು ವರ್ಷದಿಂದ ಹೀಗೇ. ಅವಳು ಅಳತೆ ಹೇಳುತ್ತಾಳೆ, ಬಣ್ಣ ಹೇಳುತ್ತಾಳೆ, ಗಂಟೆ ಎಷ್ಟೆಂದು ಹೇಳುತ್ತಾಳೆ. ಸರಿ ಇದೆ ಎಂದು ಮಾತ್ರ ಹೇಳುವುದಿಲ್ಲ. ಸಾರು ಬೆಂದಿದೆಯಾ ಎಂದರೆ "ನೀನೇ ರುಚಿ ನೋಡು." ಟೈ ಸರಿಯಾಗಿ ಕೂತಿದೆಯಾ ಎಂದರೆ "ಕನ್ನಡಿ ಅಲ್ಲಿದೆ." ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಅವನಿಗೆ ಅರ್ಥವಾಗುತ್ತಿತ್ತು, ಸಿಟ್ಟಿಗೆ ಅವನಲ್ಲಿ ಮದ್ದಿತ್ತು. ಎರಡು ದಿನ ಗ್ಯಾರೇಜಿನಲ್ಲಿ ಕಾಲ ಕಳೆದು ಮೂರನೆಯ ದಿನ ಅವಳ ಕಾರಿಗೆ ಪೆಟ್ರೋಲು ತುಂಬಿಸಿ ತಂದರೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಎಂಥ ಸಿಟ್ಟೂ ಇಳಿದಿದೆ. ಇದು ಸಿಟ್ಟಲ್ಲ. ಇದು ಒಬ್ಬಾಕೆ ತನ್ನ ಕಣ್ಣುಗಳನ್ನು ಅವನಿಗೆ ಕೊಡುವುದನ್ನು ನಿಲ್ಲಿಸಿದ್ದು.

ಸುರುಳಿ ತಂತಿಯನ್ನು ಚಾಸಿಯ ತೂತಿನೊಳಗೆ ತೂರಿಸಿ, ಅದರ ತುದಿಗೆ ಬೋಲ್ಟನ್ನು ತಿರುಪಿ, ಮೀನು ಎಳೆಯುವಂತೆ ಒಳಗಿನಿಂದ ಆಚೆಗೆ ಎಳೆದ. ಬಂತು. ಎರಡನೆಯದೂ ಬಂತು. ಮೂರನೆಯದು ಒಳಗೇ ಕಳಚಿಕೊಂಡು ಚಾಸಿಯ ಕೊಳವೆಯಲ್ಲಿ ಎಲ್ಲೋ ಉರುಳಿತು. ಆರ್ವಿಡ್ ಅದನ್ನು ಆಯಸ್ಕಾಂತದಿಂದ ಹುಡುಕುತ್ತ, ಹುಡುಕುತ್ತ, ನೆನಪಿನಲ್ಲಿ ಮತ್ತೆ ಕ್ಯಾಂಪ್‌ಗ್ರೌಂಡಿನ ಜಲ್ಲಿ ದಾರಿಯಲ್ಲಿ ನಿಂತಿದ್ದ, ಹೋದ ಸೆಪ್ಟೆಂಬರಿನ ಭಾನುವಾರ ಬೆಳಿಗ್ಗೆ. ಚರ್ಚಿನ ಎಂಟು ದಂಪತಿಗಳು, ಎಂಟು ಗಾಡಿಗಳು, ಋತುವಿನ ಕೊನೆಯ ವಾರಾಂತ್ಯ. ಎಲ್ಲರೂ ಹೊರಟು ಸಾಲಾಗಿ ನಿಂತಾಗಿದೆ, ಮುಂದಿನ ಗಾಡಿ ಆರ್ವಿಡ್‌ನದೇ, ಅದು ಹೊರಡದೆ ಯಾರೂ ಹೊರಡುವಂತಿಲ್ಲ. ಹದಿನಾಲ್ಕು ಜೋಡಿ ಕಣ್ಣು ಅವನ ಬೆನ್ನ ಮೇಲೆ. ಅವನು ಪಿಕಪ್ಪನ್ನು ಹಿಂದಕ್ಕೆ ತಂದ, ಗೂಟ ದವಡೆಗೆ ಖಡಕ್ ಎಂದು ತಾಗಿತು, ದವಡೆಗೆ ಬೀಗ ಹಾಕುವ ಹಿಡಿಕೆ ಒಳಕ್ಕೆ ಸರಿಯಿತು. ಪೂರ್ತಿ ಸರಿಯಲಿಲ್ಲ. ಒಂದು ಬೆರಳಗಲ ಹೊರಗೇ ಉಳಿಯಿತು. ಆ ಒಂದು ಬೆರಳನ್ನು ಅವನು ನೋಡಿದ. ಒಂದು ವರ್ಷದಿಂದ ದಿನವೂ ನೋಡುತ್ತಿದ್ದಾನೆ. "ಒಂದು ಬೆರಳು ಬಿಟ್ಟಿದೆ, ಎಳೆದು ನೋಡು" ಎಂದಳು ಲವಾನ್, ತಗ್ಗಿದ ದನಿಯಲ್ಲಿ, ಯಾರಿಗೂ ಕೇಳದ ಹಾಗೆ. ಎಳೆದು ನೋಡುವುದು ಎಂದರೆ ಇಷ್ಟೇ. ಗಾಡಿಯ ಮುಂಗಾಲುಗಳನ್ನು ನೆಲಕ್ಕೆ ಊರಿಸಿಯೇ ಇಟ್ಟು, ಅದರ ಬ್ರೇಕು ಹಿಡಿದು, ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಎಳೆಯುವುದು. ಕಚ್ಚಿದ್ದರೆ ಬಿಡುವುದಿಲ್ಲ. ಕಚ್ಚಿಲ್ಲದಿದ್ದರೆ ಯಾವ ನಷ್ಟವೂ ಇಲ್ಲದೆ ಗೊತ್ತಾಗುತ್ತದೆ. ಒಂದು ನಿಮಿಷದ ಕೆಲಸ. "ಜನ ಕಾಯ್ತಿದಾರೆ, ನೀನು ಹೋಗಿ ಕೂತ್ಕೋ" ಎಂದು ಅವನು ಹಿಡಿಕೆಗೆ ಅಂಗೈಯಿಂದ ಒಂದು ಗುದ್ದು ಕೊಟ್ಟು, ಮುಂಗಾಲುಗಳನ್ನು ಎತ್ತಿಬಿಟ್ಟು, ಪಿಕಪ್ಪು ಹತ್ತಿದ.

ಹತ್ತು ಅಡಿ ಹೋಗಿತ್ತಷ್ಟೆ. ಆ ಸದ್ದು ಅವನಿಗೆ ಈಗಲೂ ಹೊಟ್ಟೆಯಲ್ಲಿ ಕೇಳಿಸುತ್ತದೆ, ಕಿವಿಯಲ್ಲಲ್ಲ. ಇಡೀ ಮನೆಗಾಡಿಯ ಮೂತಿ ಕಳಚಿ ತೊಟ್ಟಿಯ ಎರಡು ಬದಿಯ ಗೋಡೆಗಳ ಮೇಲೆ ಬಿದ್ದು ಅವನ್ನು ಅಪ್ಪಚ್ಚಿ ಮಾಡಿತು. ಒಳಗೆ ಅಲಮಾರು ತೆರೆದು ಲವಾನ್‌ಳ ತಟ್ಟೆಗಳು ಒಂದೊಂದಾಗಿ ಬೀಳುವುದು ಕೇಳಿಸಿತು. ಅವನು ಇಳಿದ. ಹದಿನಾಲ್ಕು ಜನ ಓಡಿ ಬಂದು ನಿಂತರು. ಮತ್ತೆ ಅವನ ಬಾಯಿ, ಅವನ ಅಪ್ಪಣೆಗೆ ಕಾಯದೆ, "ಮುಚ್ಚಿದೆಯಾ ನೋಡು ಅಂತ ನಿಂಗೆ ಹೇಳಿದ್ನಲ್ಲ" ಎಂದಿತು. ಅವಳಿಗೆ. ಎಲ್ಲರ ಎದುರು. ಲವಾನ್ ಅವನನ್ನು ಒಂದು ಸಲ ನೋಡಿದಳು. ಆಮೇಲೆ ಜನರ ಕಡೆ ತಿರುಗಿ, ಅತಿಥಿಗಳಿಗೆ ಸಾರು ಹೊತ್ತಿದೆ ಎಂದು ಹೇಳುವವಳಂತೆ, "ನಾನೇ ಸರಿಯಾಗಿ ನೋಡ್ಲಿಲ್ಲ" ಎಂದಳು. "ಎಳೆದು ನೋಡಿದ್ರಾ?" ಎಂದು ಅಲ್ಲಿದ್ದ ಹಳೆಯ ಗೆಳೆಯ ಡೆಲ್ಮರ್ ಕೇಳಿದ್ದ. ಆರ್ವಿಡ್, "ಲವಾನ್ ನೋಡಿದ್ಲು" ಎಂದಿದ್ದ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು.

"ಸಿಕ್ತಾ?" ಎಂದಳು ಮೇಲಿನಿಂದ.

"ಏನು?"

"ಬೋಲ್ಟು."

ಸಿಕ್ಕಿತು. ಒಂದೊಂದು ಬೋಲ್ಟಿಗೂ ಒಂದು ಲಾಳ. ತೊಟ್ಟಿಯ ತಗಡು ಏರಿಳಿತದ್ದು, ಅದಕ್ಕೂ ಚಾಸಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಆ ಸಂದಿಯನ್ನು ತುಂಬದೆ ಬಿಗಿದರೆ ತಗಡು ನಿಧಾನಕ್ಕೆ ತಗ್ಗುತ್ತದೆ, ತಗ್ಗಿದಷ್ಟೂ ಬೋಲ್ಟು ಸಡಿಲ. ಅದಕ್ಕೆಂದೇ ಕುದುರೆಯ ಲಾಳದಂಥ ದಪ್ಪ ಕಬ್ಬಿಣದ ತುಂಡುಗಳನ್ನು ಡಬ್ಬದಲ್ಲಿ ಕೊಟ್ಟಿರುತ್ತಾರೆ. ಪಕ್ಕದಿಂದ ತೂರಿಸಿ ಬೋಲ್ಟಿಗೆ ಕಚ್ಚಿಸಬೇಕು. ಇವನು ಕೆಳಗಿನಿಂದ ತೂರಿಸುತ್ತ ಹೋದ, ಅವಳು ಮೇಲಿನಿಂದ ಹಿಡಿಯುತ್ತ ಹೋದಳು. ಹನ್ನೆರಡಕ್ಕೆ ಅವಳು ಕೇಕು ಒಲೆಗಿಡಬೇಕು ಎಂದು ಇಳಿದು ಒಳಗೆ ಹೋದಳು. ಹೋಗುವಾಗ ಅವಳ ಬೂಟುಗಳು ಅವನ ತಲೆಯ ಪಕ್ಕ ಒಂದು ಕ್ಷಣ ನಿಂತವು. ಏನೋ ಹೇಳುತ್ತಾಳೆ ಎಂದು ಅವನು ಸ್ಪ್ಯಾನರ್ ನಿಲ್ಲಿಸಿ ಕಾದ. ಬೂಟುಗಳು ಹೋದವು.

ನಟ್ಟುಗಳೆಲ್ಲ ಆಗಲೇ ಕಚ್ಚಿ ಕೂತಿದ್ದವು, ಇನ್ನು ಮೇಲೆ ಹಿಡಿಯುವವರು ಬೇಕಿರಲಿಲ್ಲ. ಬಿಗಿತ ಅಳೆಯುವ ಉದ್ದನೆಯ ಸ್ಪ್ಯಾನರಿನಿಂದ ಎಂಟನ್ನೂ ಒಂದೊಂದಾಗಿ, ಅದು ಟಿಕ್ ಎನ್ನುವ ತನಕ ಬಿಗಿದ. ಎಂಟು ಟಿಕ್. ಇಳಿಸಿದ್ದ ಹೊಗೆ ಪೈಪನ್ನು ಎತ್ತಿ ಕಟ್ಟಿದ. ಕೆಳಗಿನಿಂದ ಜಾರಿ ಹೊರಬಂದು ಎದ್ದು ನಿಂತಾಗ ಸೊಂಟ ನೆಟ್ಟಗಾಗಲು ಒಂದು ನಿಮಿಷ ಹಿಡಿಯಿತು, ಆದರೂ ಎದೆಯಲ್ಲಿ ಏನೋ ಹಗುರವಾಗಿತ್ತು. ತೊಟ್ಟಿಯಲ್ಲಿ ಎರಡು ಕಪ್ಪು ಪಟ್ಟಿಗಳು ರೈಲು ಕಂಬಿಯ ಹಾಗೆ ಸಮವಾಗಿ ಮಲಗಿದ್ದವು. ಪೊರಕೆ ತಗೊಂಡು ಕೊರೆದ ತಗಡಿನ ಪುಡಿ ಗುಡಿಸಿದ. ಹಿಂದಿನ ಚಕ್ರದ ಬಳಿ ಪೊರಕೆಗೆ ಏನೋ ಠಣ್ ಎಂದಿತು.

ಲಾಳ.

ಒಂದು ಹೆಚ್ಚಿಗೆ ಕೊಟ್ಟಿರುತ್ತಾರೆ ಎಂದುಕೊಂಡ ಮೊದಲು. ವಾಷರು ಹೆಚ್ಚಿಗೆ ಕೊಡುವುದುಂಟು, ನಟ್ಟು ಕೊಡುವುದುಂಟು. ಕಾಗದ ತೆಗೆದು ನೋಡಿದ. ಲಾಳ, ಎಂಟು. ಕಾಗದದಲ್ಲಿ ತಪ್ಪು ಇರಬಾರದೇನು ಎಂದುಕೊಂಡ. ಬಗ್ಗಿ ಚಾಸಿಯ ಕೆಳಗೆ ಕಣ್ಣು ಹಾಯಿಸಿದ, ಎಡಗಡೆ ನಾಲ್ಕು ಕಂಡವು, ಬಲಗಡೆ ಮೂರು, ನಾಲ್ಕನೆಯದು ಹೊಗೆ ಪೈಪಿನ ಹಿಂದೆ ಕತ್ತಲೆಯಲ್ಲಿತ್ತು, ಕಾಣಲಿಲ್ಲ. ಮೂರನೆಯ ಬೋಲ್ಟು ಕಳಚಿ ಬಿದ್ದ ಗಡಿಬಿಡಿಯಲ್ಲಿ ಕೈ ತಪ್ಪಿದ್ದು ಅದೇ ಇರಬೇಕು. ಬಿಚ್ಚುವುದೇನು ಮಹಾ ಕೆಲಸವಲ್ಲ. ಹೊಗೆ ಪೈಪು ಮತ್ತೆ ಇಳಿಸಬೇಕು, ಬಲಗಡೆಯ ನಾಲ್ಕನ್ನೂ ಸಡಿಲಿಸಬೇಕು, ಮತ್ತೊಮ್ಮೆ ಮೇಲೆ ಒಬ್ಬರು ಸ್ಪ್ಯಾನರ್ ಹಿಡಿಯಬೇಕು. ಅಂದರೆ ಅವಳನ್ನು ಕರೆಯಬೇಕು. ಒಂದು ಬಿಟ್ಟುಹೋಗಿದೆ ಎಂದು ಹೇಳಬೇಕು. ಎರಡು ಗಂಟೆಗೆ ಡೆಲ್ಮರ್ ದವಡೆ ಎತ್ತಿಡಲು ಸಹಾಯಕ್ಕೆ ಬರುತ್ತಾನೆ, ಅವನೆದುರು ಬಿಚ್ಚಿ ಹಾಕಿಕೊಂಡು ಮಲಗಿರಬೇಕು. ಟಿಕ್ ಅಂದಿತಲ್ಲ, ಎಂದುಕೊಂಡ. ಎಂಟಕ್ಕೂ ಟಿಕ್ ಅಂದಿದೆ. ಏಳಿದ್ದರೆ ಸಾಲದೇ. ಹಾಗೆ ಅಂದುಕೊಳ್ಳುತ್ತಿದ್ದಂತೆಯೇ ಅವನಿಗೆ ವಯೋಮಿಂಗಿನ ಬಯಲು ಕಂಡಿತು. ಅಡ್ಡಗಾಳಿ, ಇಳಿಜಾರು, ಮುಂದೆ ತಾನು, ಮೇಲೆ ಕೆಳಗೆ ಕುಣಿಯುತ್ತಿರುವ ಮನೆಗಾಡಿ, ನೂರಾರು ಮೈಲಿಯಿಂದ ಹಗಲೆಲ್ಲ ಒಂದು ಕೂದಲೆಳೆಯಷ್ಟು ತಗ್ಗುತ್ತ ಬಂದ ತಗಡು. ಮತ್ತೆ ಹಿಂದೆ, ಕನ್ನಡಿಯಲ್ಲಿ ಸಣ್ಣದಾಗಿ, ಲವಾನ್‌ಳ ನೀಲಿ ಕಾರು. ನಿನ್ನ ಹಿಂದೆ ಬರ್ತೀನಿ ಅಂದಿದ್ದಾಳೆ. ಅಷ್ಟರಲ್ಲಿ ಡೆಲ್ಮರ್‌ನ ಹಳೆಯ ಟ್ರಕ್ಕು ಬೀದಿ ತಿರುಗಿದ್ದು ಕಾಣಿಸಿತು, ಎರಡು ಗಂಟೆಯಲ್ಲ, ಒಂದೂವರೆಗೇ. ಆರ್ವಿಡ್ ಲಾಳವನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಕೈ ತಾನಾಗಿ ಮಾಡಿದ ಕೆಲಸ, ಅಂದು ಬಾಯಿ ತಾನಾಗಿ ಆಡಿದ ಹಾಗೆ.

ಅಡಿಗೆಮನೆಯಲ್ಲಿ ಲವಾನ್ ಕುಂಬಳಕಾಯಿ ಕೇಕು ಕತ್ತರಿಸಿ ಇಟ್ಟಿದ್ದಳು. ಕಿಟಕಿಯಾಚೆ ಅವಳ ನೀಲಿ ಕಾರಿನ ಹಿಂಬಾಗಿಲು ತೆರೆದಿತ್ತು. ಎರಡು ರಟ್ಟಿನ ಡಬ್ಬ, ಹೊಲಿಗೆ ಬುಟ್ಟಿ, ಅವಳ ದಿಂಬು ಆಗಲೇ ಒಳಗೆ ಕೂತಿದ್ದವು. ನೇರಳೆ ಹೂವಿನ ಕುಂಡ ಮಾತ್ರ ಇನ್ನೂ ಕಿಟಕಿಯಲ್ಲೇ ಇತ್ತು. ಡೆಲ್ಮರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ದಪ್ಪ ಕುತ್ತಿಗೆಯ, ಮೆಲುದನಿಯ ಮನುಷ್ಯ. ಉಗ್ರಾಣದಲ್ಲಿ ಆರ್ವಿಡ್‌ನ ಜೊತೆ ಇಪ್ಪತ್ತು ವರ್ಷ ದುಡಿದವನು.

"ಕೇಕು ತಗೋ" ಎಂದಳು ಲವಾನ್.

"ಬೇಡ, ಈಗಷ್ಟೇ ಊಟ ಆಯ್ತು."

"ಒಂದು ತುಂಡು."

"ಅಯ್ಯೋ, ಯಾಕೆ ಸುಮ್ನೆ ತೊಂದ್ರೆ."

"ಯಾರೂ ತಿನ್ನದಿದ್ರೆ ಒಣಗಿಹೋಗತ್ತೆ."

"ಹಾಗಾದ್ರೆ ಸಣ್ಣದು" ಎಂದು ಡೆಲ್ಮರ್ ದೊಡ್ಡದನ್ನು ತಗೊಂಡ. ಈ ಸೀಮೆಯಲ್ಲಿ ಮೊದಲ ಸಲಕ್ಕೇ ಹ್ಞೂಂ ಅನ್ನುವವನು ಆಸೆಬುರುಕ, ಮೂರನೆಯ ಸಲಕ್ಕೂ ಬೇಡ ಅನ್ನುವವನು ಸೊಕ್ಕಿನವನು. ಎಲ್ಲವನ್ನೂ ಮೂರು ಸಲ ಕೇಳುತ್ತಾರೆ, ಕೇಕಿನಿಂದ ಹಿಡಿದು ಕಷ್ಟಸುಖದ ತನಕ.

"ಎಲ್ಲಾ ಬಿಗಿ ಆಯ್ತೇನೋ?" ಎಂದ ಡೆಲ್ಮರ್, ತುಟಿಯ ಕೇಕು ಒರೆಸುತ್ತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಆರ್ವಿಡ್‌ನ ಕೈ ಅಂಗಿಯ ಜೇಬಿಗೆ ಹೋಯಿತು.

"ಆಯ್ತು. ಎಂಟೂ ಟಿಕ್ ಅಂತು."

"ಈ ಸಲ ನಮ್ಮ ಲವಾನ್ ಟಾರ್ಚು ಹಿಡ್ಕೊಂಡು ನೋಡಿದ್ರೆ ಮುಗೀತು, ಇನ್ನೇನು ಭಯ ಇಲ್ಲ" ಎಂದ ಡೆಲ್ಮರ್. ಲವಾನ್ ನಕ್ಕಳು. ಆ ನಗು ಆರ್ವಿಡ್‌ಗೆ ಗೊತ್ತು, ತುಟಿ ಮಾತ್ರ ನಗುವ ನಗು. ಕ್ರಿಸ್‌ಮಸ್ ಊಟದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ನಕ್ಕದ್ದೂ ಇದನ್ನೇ. ಅವನು ಕೋಟು ತೂಗುಹಾಕಲು ಹೋಗಿದ್ದ, ವಾಪಸು ಬರುವಷ್ಟರಲ್ಲಿ ಮೇಜಿನ ಸುತ್ತ ಎಲ್ಲ ನಗುತ್ತಿದ್ದರು, ಲವಾನ್ ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಒಂದು ದೊಡ್ಡ ಟಾರ್ಚು ಇತ್ತು. ದವಡೆ ಮುಚ್ಚಿದೆಯಾ ನೋಡೋದಕ್ಕೆ, ಎಂದು ಯಾರೋ ಹೇಳಿದರು. ಅವಳು ನಗುತ್ತ ನಿಂತಿದ್ದಳು. ಇವನೂ ನಕ್ಕ. ಹೆಂಡತಿಯ ತಲೆಯ ಮೇಲೆ ತನ್ನ ತಪ್ಪನ್ನು ಹೊರಿಸಿ, ಅದನ್ನು ಹೊತ್ತು ಅವಳು ಊರೆಲ್ಲ ತಿರುಗುವುದನ್ನು ನೋಡಿ, ಮೀನು ತಿನ್ನುತ್ತ ನಕ್ಕ. ಮನೆಗೆ ಬರುವಾಗ ಹೇಳಿಬಿಡೋಣ ಎಂದು ಕಾರಿನಲ್ಲಿ ಎರಡು ಸಲ ಗಂಟಲು ಸರಿಮಾಡಿಕೊಂಡಿದ್ದ. ಶೀತ ಆಯ್ತಾ ಎಂದು ಅವಳು ಕೇಳಿದ್ದಳು.

ಜೇಬಿನಲ್ಲಿ ಲಾಳ ಎದೆಗೆ ಒತ್ತುತ್ತಿತ್ತು. ಕಾಫಿ ನುಂಗಲು ಕತ್ತೆತ್ತಿದರೆ ಒತ್ತುತ್ತಿತ್ತು, ಉಸಿರು ತಗೊಂಡರೆ ಒತ್ತುತ್ತಿತ್ತು. ಲವಾನ್ ಅವನ ಕಡೆ ನೋಡುತ್ತಿರಲಿಲ್ಲ, ಕಿಟಕಿಯ ಕುಂಡದಿಂದ ಒಣಗಿದ ಎಲೆ ಚಿವುಟುತ್ತಿದ್ದಳು. ಇವಳಿಗೆ ಲಾಳದ ವಿಷಯ ಗೊತ್ತೇ? ಬೆಳಿಗ್ಗೆ ಮೇಲಿನಿಂದ ಎಣಿಸಿದ್ದಳೇ? ಎಣಿಸಿದ್ದರೂ ಹೇಳಲಾರಳು, ಹೇಳಿದ್ದಕ್ಕೆ ಹೋದ ಸಲ ಸಿಕ್ಕ ಉಡುಗೊರೆ ಅಡಿಗೆಮನೆಯ ಡ್ರಾಯರಿನಲ್ಲಿದೆ. ಎಲೆ ಚಿವುಟಿ ಚಿವುಟಿ ಅವಳು ಅಂಗೈಯಲ್ಲಿ ಕೂಡಿಡುತ್ತಿದ್ದಳು. ಇದೇ ಕೈ ನಾಡಿದ್ದು ತನ್ನ ಹಿಂದಿನ ಕಾರಿನ ಸ್ಟಿಯರಿಂಗು ಹಿಡಿದಿರುತ್ತದೆ ಎಂದು ಹೊಳೆದ ಕೂಡಲೇ ಆರ್ವಿಡ್‌ಗೆ ಹೊಟ್ಟೆಯಲ್ಲಿ ಆ ಸದ್ದು ಮತ್ತೊಮ್ಮೆ ಆಯಿತು.

ಜೇಬಿನ ಗುಂಡಿ ಬಿಚ್ಚಿ ಲಾಳವನ್ನು ಮೇಜಿನ ಮೇಲೆ, ಕೇಕಿನ ತಟ್ಟೆಯ ಪಕ್ಕ ಇಟ್ಟ.

"ಒಂದು ಉಳಿದಿದೆ. ಬಿಚ್ಚಬೇಕು" ಎಂದ.

ಡೆಲ್ಮರ್ ಲಾಳವನ್ನೂ ಅವನನ್ನೂ ನೋಡಿ, ಉಳಿದ ಕೇಕನ್ನು ಬಾಯಿಗೆ ಹಾಕಿಕೊಂಡು, ಟೋಪಿ ಇಟ್ಟುಕೊಂಡ. "ನಡಿ ಹಾಗಾದ್ರೆ."

"ಕೆಳಗೆ ಲೈಟು ಹಿಡೀತೀಯಾ?" ಎಂದ ಆರ್ವಿಡ್ ಲವಾನ್‌ಗೆ. ಅವಳು ಎಲೆಗಳನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಡ್ರಾಯರ್ ಎಳೆದಳು. ಟಾರ್ಚಿಗೆ ಕೆಂಪು ರಿಬ್ಬನ್ ಇನ್ನೂ ಹಾಗೇ ಇತ್ತು.

ಡೆಲ್ಮರ್ ತೊಟ್ಟಿ ಹತ್ತಿ ಬೋಲ್ಟಿನ ತಲೆ ಹಿಡಿದ. ಆರ್ವಿಡ್ ರಟ್ಟಿನ ಮೇಲೆ ಜಾರಿ ಒಳಗೆ ಹೋದ. ಲವಾನ್ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟಾರ್ಚು ಹಾಕಿದಳು. ಬೆಳಕು ಬೇಕಾದ ಕಡೆಗೇ ಬಿತ್ತು, ಹೇಳುವ ಮೊದಲೇ, ಮೂವತ್ತೆಂಟು ವರ್ಷದ ಅಭ್ಯಾಸ. ಹೊಗೆ ಪೈಪು ಇಳಿಯಿತು. ಅದರ ಹಿಂದೆ ನಾಲ್ಕನೆಯ ಬೋಲ್ಟು, ಲಾಳವಿಲ್ಲದೆ ಬರಿದಾಗಿ, ಮತ್ತು ಅದರ ಸುತ್ತ ತೊಟ್ಟಿಯ ತಗಡು ಆಗಲೇ ಬಟ್ಟಲಿನಂತೆ ಒಳಕ್ಕೆ ತಗ್ಗಿತ್ತು. ಚಕ್ರ ಇನ್ನೂ ಒಂದು ಸುತ್ತೂ ಉರುಳಿಲ್ಲ, ಆಗಲೇ. ಟಾರ್ಚಿನ ಬೆಳಕು ಆ ತಗ್ಗಿನ ಮೇಲೆ ನಿಂತಿತು. ಆರ್ವಿಡ್ ಸ್ಪ್ಯಾನರ್ ಕೊಟ್ಟ, ಸಡಿಲಿಸತೊಡಗಿದ. ಮುಖದ ಮೇಲೆ ತಗಡು, ಯಾರ ಮುಖವೂ ಕಾಣದು, ಅವನ ಮುಖ ಯಾರಿಗೂ ಕಾಣದು. ಹೇಳುವುದಕ್ಕೆ ಇಂಥ ಜಾಗ ಇನ್ನೊಂದಿಲ್ಲ.

"ಡೆಲ್ಮರ್."

"ಹ್ಞಾಂ?"

"ಆವತ್ತು ಕ್ಯಾಂಪಲ್ಲಿ. ಲವಾನ್ ಸರಿಯಾಗೇ ನೋಡಿದ್ಲು. ಒಂದು ಬೆರಳು ಬಿಟ್ಟಿದೆ, ಎಳೆದು ನೋಡು ಅಂದ್ಲು. ನಾನೇ ನೋಡ್ಲಿಲ್ಲ. ನೀವೆಲ್ಲ ಕಾಯ್ತಿದ್ರಿ."

ಮೇಲೆ ತಗಡು ಅಲುಗಲಿಲ್ಲ. ಆರ್ವಿಡ್‌ಗೆ ತನ್ನ ಉಸಿರು ತಗಡಿಗೆ ತಾಗಿ ಮುಖಕ್ಕೇ ವಾಪಸು ಬರುವುದು ಗೊತ್ತಾಗುತ್ತಿತ್ತು. ಅಂತೂ ಹೇಳಿದೆ, ಇನ್ನು ಊರು ಏನಾದರೂ ಅನ್ನಲಿ, ಎಂದುಕೊಂಡ.

"ಗೊತ್ತು ಕಣೋ" ಎಂದ ಡೆಲ್ಮರ್, ಎಂದಿನ ಮೆಲುದನಿಯಲ್ಲಿ. "ನಾವೆಲ್ಲ ಅಲ್ಲೇ ನಿಂತಿದ್ವಲ್ಲ. ನೀನು ಹಿಡಿಕೆಗೆ ಗುದ್ದಿದ್ದು ನಂಗೆ ಕಂಡಿತ್ತು."

ಆರ್ವಿಡ್‌ನ ಸ್ಪ್ಯಾನರ್ ನಿಂತಿತು.

"ಎಲ್ರಿಗೂ?"

"ಎಲ್ರಿಗೂ. ನಾನು ಅಲ್ಲೇ ಕೇಳಿದ್ನಲ್ಲ, ಎಳೆದು ನೋಡಿದ್ರಾ ಅಂತ. ಹೇಳ್ತೀಯೇನೋ ಅಂತ. ಆಮೇಲೆ ಟಾರ್ಚು ಕೊಟ್ವಿ. ಇವತ್ತು ಕೇಳಿದ್ದು ಮೂರನೇ ಸಲ. ಇವತ್ತೂ ಬೇಡ ಅಂದಿದ್ರೆ ಇನ್ನು ಕೇಳ್ತಿರ್ಲಿಲ್ಲ."

"ಟಾರ್ಚು ಲವಾನ್‌ಗೆ ಕೊಟ್ಟಿದ್ದಲ್ವಾ?"

"ಲವಾನ್‌ಗೆ ಯಾಕೆ ಕೊಡ್ತೀವಿ? ಚೀಟಿ ಮೇಲೆ ನಿನ್ನ ಹೆಸರೇ ಬರ್ದಿತ್ತಲ್ಲೋ."

"ಚೀಟಿ ನಾನು ಕಿತ್ತು ಪರ್ಸಲ್ಲಿ ಹಾಕ್ಕೊಂಡೆ" ಎಂದಳು ಲವಾನ್, ಚಕ್ರದ ಬಳಿಯಿಂದ. "ನೀನು ಕೋಟು ಹಾಕಿ ಬರೋದ್ರೊಳಗೆ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕಂಡು ಹುಡುಗರು ನಗುತ್ತಾರೆ. ಕುಡಿದ ಬೆಕ್ಕಿಗೆ ಹೇಗನಿಸೀತು ಎಂದು ಯಾರೂ ಕೇಳುವುದಿಲ್ಲ. ಒಂದು ವರ್ಷದ ಪ್ರತಿ ಭಾನುವಾರ, ಚರ್ಚಿನ ಕಾಫಿ, ಅಂಚೆ ಕಚೇರಿಯ ಮೆಟ್ಟಿಲು, ಬೆನ್ನು ತಟ್ಟಿದ ಕೈಗಳು, ಎಲ್ಲ ಒಂದೊಂದಾಗಿ ಆ ಕತ್ತಲೆಯಲ್ಲಿ ಮುಖ ತಿರುಗಿಸಿ ಅವನನ್ನು ನೋಡಿದವು. ಎಲ್ಲರಿಗೂ ಗೊತ್ತಿತ್ತು. ಅವನು ಅವಳ ತಲೆಗೆ ಕಟ್ಟಿದ್ದೆಂದು ತಿಳಿದಿದ್ದ ತಪ್ಪಿನ ಗಂಟನ್ನು ಊರು ದಿನಾ ಅವನ ಹೆಗಲಲ್ಲೇ ನೋಡಿತ್ತು. ನಾಚಿಕೆಯಿಂದ ಕಿವಿ ಕಾದವು. ನಾಚಿಕೆಯೊಂದಿಗೇ, ಅದಕ್ಕಿಂತ ಕೀಳಾದ ಇನ್ನೊಂದು ಯೋಚನೆಯೂ ಬಂತು. ಹಾಗಾದರೆ ಹೇಳದಿದ್ದರೂ ಆಗುತ್ತಿತ್ತಲ್ಲ. ಅದು ಬಂದದ್ದನ್ನೂ ಅವನು ಕಂಡ. ಲಾಳವನ್ನು ಸಂದಿಗೆ ತೂರಿಸಿದ. ಅದು ಬೋಲ್ಟನ್ನು ಕಚ್ಚಿ ಕೂತಿತು. "ಹಿಡ್ಕೋ" ಎಂದ.

ಐದು ಗಂಟೆ ಹೊತ್ತಿಗೆ ದವಡೆಯನ್ನು ಇಬ್ಬರೂ ಉಬ್ಬಸ ಪಡುತ್ತ ಎತ್ತಿ ಪಟ್ಟಿಗಳಿಗೆ ಕೂರಿಸಿ ಆಗಿತ್ತು. ಬಿಸಿಲು ಹಳದಿಯಾಗಿ ಅಡ್ಡಕ್ಕೆ ಬಿದ್ದು ಗ್ಯಾರೇಜಿನ ಪಕ್ಕದ ಮನೆಗಾಡಿಯ ಕಿಟಕಿಗಳನ್ನು ಬೆಳಗುತ್ತಿತ್ತು. ಆರ್ವಿಡ್ ಪಿಕಪ್ಪನ್ನು ಹಿಂದಕ್ಕೆ ತಂದ. ಖಡಕ್. ಹಿಡಿಕೆ ಪೂರ್ತಿ ಒಳಗೆ ಸರಿಯಿತು, ಒಂದು ಬೆರಳೂ ಉಳಿಯಲಿಲ್ಲ. ಆದರೂ ಅವನು ಇಳಿದು ಬಂದು, ಗಾಡಿಯ ಚಕ್ರಗಳಿಗೆ ಮರದ ತುಂಡು ಕೊಟ್ಟು, ಮುಂಗಾಲುಗಳನ್ನು ನೆಲಕ್ಕೆ ಊರಿಸಿಯೇ ಬಿಟ್ಟು, ಬ್ರೇಕಿನ ತಂತಿ ಸಿಕ್ಕಿಸಿದ. ಡೆಲ್ಮರ್ ಇದನ್ನೆಲ್ಲ ನೋಡಿ, "ನಾನಿನ್ನು ಬರ್ತೀನಿ, ಹಸುಗಳು ಕಾಯ್ತಿರ್ತವೆ" ಎಂದ. ಅವನು ಹಸು ಮಾರಿ ಒಂಬತ್ತು ವರ್ಷವಾಗಿತ್ತು.

ಅವನ ಟ್ರಕ್ಕು ಬೀದಿ ತಿರುಗಿದ ಮೇಲೆ ಇಬ್ಬರೇ ಉಳಿದರು. ಲವಾನ್ ಪಿಕಪ್ಪಿನ ಬದಿಯಲ್ಲಿ ಟಾರ್ಚು ಕೆಳಗೆ ಹಿಡಿದು ನಿಂತಿದ್ದಳು.

"ದವಡೆ ಮುಚ್ಚಿದೆಯಾ ನೋಡ್ತೀಯಾ?" ಎಂದ ಆರ್ವಿಡ್.

ಅವಳು ನೋಡಲಿಲ್ಲ. "ಡೆಲ್ಮರ್‌ಗೆ ನೀನು ಹೇಳ್ದೆ. ಅವನಿಗೆ ಗೊತ್ತಿತ್ತು" ಎಂದಳು.

"ಹೌದು."

"ನಂಗೂ ಗೊತ್ತು ಅಂತ ಸುಮ್ನಿದೀಯಾ?"

ಎಲ್ಲ ಮುಗಿಯಿತು ಎಂದುಕೊಂಡಿದ್ದ ಅವನು. ತಗಡಿನಡಿ ಮಲಗಿ ಇನ್ನೊಬ್ಬನ ಹೆಸರು ಹಿಡಿದು ಹೇಳಿದ್ದನ್ನೇ ಇವಳ ಲೆಕ್ಕಕ್ಕೂ ಬರೆದುಕೊಂಡುಬಿಟ್ಟಿದ್ದ. ಈಗ ಅವಳು ಎದುರಿಗೆ ನಿಂತಿದ್ದಳು, ನಡುವೆ ಏನೂ ಇರಲಿಲ್ಲ. ಕನ್ನಡಕದ ಹಿಂದಿನ ಆ ಕಣ್ಣುಗಳನ್ನು ಅವನು ಒಂದು ವರ್ಷದಿಂದ ಓರೆಯಲ್ಲೇ ನೋಡಿದ್ದ. ಗಂಟಲು ಸರಿಮಾಡಿಕೊಂಡ. ಶೀತವೇ ಎಂದು ಅವಳು ಈ ಸಲ ಕೇಳಲಿಲ್ಲ.

"ನೀನು ಹೇಳ್ದೆ, ನಾನು ಕೇಳ್ಲಿಲ್ಲ" ಎಂದ. "ಆಮೇಲೆ ಎಲ್ರೆದುರು ನಿನ್ನ ಮೇಲೆ ಹಾಕ್ದೆ. ಬೇಕಂತಲೇ. ಬಾಯಿ ತಪ್ಪಿ ಅಲ್ಲ. ತಪ್ಪಾಯ್ತು, ಲವಾನ್."

ಅವಳು ಮನೆಯೊಳಗೆ ಹೋದಳು. ಅವನು ಪಿಕಪ್ಪಿನ ಬಾಗಿಲು ಹಿಡಿದುಕೊಂಡು ಕಾದ. ಕಾರಿನ ಹಿಂಬಾಗಿಲು ಇನ್ನೂ ತೆರೆದೇ ಇತ್ತು, ಡಬ್ಬಗಳು, ಹೊಲಿಗೆ ಬುಟ್ಟಿ, ದಿಂಬು ಎಲ್ಲ ಇದ್ದಲ್ಲೇ ಇದ್ದವು. ಅವಳು ನೇರಳೆ ಹೂವಿನ ಕುಂಡ ಹಿಡಿದುಕೊಂಡು ಹೊರಬಂದಳು. ಕಾರಿನ ಕಡೆ ಹೆಜ್ಜೆ ಹಾಕಿದಂತೆ ಅವನಿಗೆ ಕಂಡಿತು. ಅವಳು ಕಾರನ್ನು ದಾಟಿ ಬಂದು, ಪಿಕಪ್ಪಿನ ಆ ಬದಿಯ ಬಾಗಿಲು ತೆಗೆದು, ಕುಂಡವನ್ನು ತನ್ನ ಸೀಟಿನ ಮೇಲಿಟ್ಟಳು. ಬೆಲ್ಟು ಎಳೆದು ಅದಕ್ಕೆ ಸುತ್ತಿದಳು. ಮಿಕ್ಕ ಸಾಮಾನು ಕಾರಿನಲ್ಲೇ ಇತ್ತು.

"ಹತ್ತು" ಎಂದಳು.

ಅವನು ಹತ್ತಿದ. ಸ್ಟಿಯರಿಂಗಿನ ಪಕ್ಕದ ಹಿಡಿಯಿಂದ ಗಾಡಿಯ ಬ್ರೇಕನ್ನು ಒತ್ತಿ ಹಿಡಿದ. ಕನ್ನಡಿಯಲ್ಲಿ ಅವಳು ತೊಟ್ಟಿಯ ಬದಿಗೆ ಬಂದು ಬಗ್ಗಿ, ದವಡೆಯ ಮೇಲೆ ಟಾರ್ಚು ಹಾಕಿದ್ದು ಕಾಣಿಸಿತು. ರಿಬ್ಬನ್ ಗಾಳಿಗೆ ಹಾರುತ್ತಿತ್ತು. ಬೇಕಾದಷ್ಟು ಹೊತ್ತು ನೋಡಿದಳು.

"ಎಳಿ" ಎಂದಳು.

ಮೆಲ್ಲಗೆ ಮುಂದಕ್ಕೆ ಎಳೆದ. ಪಿಕಪ್ಪು ಜಗ್ಗಿ, ಮುಲುಗಿ, ನಿಂತಿತು. ಗಾಡಿ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಕುಂಡ ಒಂದು ಸಲ ಅಲುಗಿ ಸುಮ್ಮನಾಯಿತು. ಅವನು ಕನ್ನಡಿಯನ್ನೇ ನೋಡುತ್ತಿದ್ದ.

"ಇನ್ನೊಂದು ಸಲ" ಎಂದಳು ಲವಾನ್.

ಎಳೆದ.

"ಇನ್ನೊಂದು ಸಲ."

ಅವನು ಎಳೆದ. ಅವಳು ಟಾರ್ಚು ಆರಿಸಿ ನೆಟ್ಟಗೆ ನಿಂತಳು.

"ಮುಚ್ಚಿದೆ" ಎಂದಳು. "ಸರಿ ಇದೆ."